ಹದಿನೆಂಟು ಸಾವಿರದ ಚಾಕು

(ತಮ್ಮ ಸ್ವೀಡನ್ನಿನಲ್ಲಿ ಕೆಲಸಕ್ಕಿರುವವನು. ಅಕ್ಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸುವವಳು. ಇಬ್ಬರೂ ಭದ್ರಾವತಿಯಲ್ಲಿ ಬೆಳೆದವರು. ಫೋನಿನಲ್ಲಿ ನಡೆದ ಮಾತು.)

ತಮ್ಮ: ಅಕ್ಕ, ಒಂದು ಚಾಕು ತಗೊಳ್ಳಬೇಕು. ನಿನ್ನನ್ನು ಕೇಳದೆ ತಗೊಂಡರೆ ಆಮೇಲೆ ವರ್ಷಗಟ್ಟಲೆ ಆಡಿಕೊಳ್ತೀಯ, ಅದಕ್ಕೇ ಮೊದಲೇ ಕೇಳ್ತಿದ್ದೀನಿ.

ಅಕ್ಕ: ತರಕಾರಿ ಹೆಚ್ಚೋದಕ್ಕಾ?

ತಮ್ಮ: ಅಲ್ಲ. ಆಗಸ್ಟಿನಲ್ಲಿ ಕುಂಗ್ಸ್‌ಲೇಡನ್ ನಡೆಯೋಣ ಅಂತ. ಅಬಿಸ್ಕೊದಿಂದ ಹೇಮಾವನ್‌ವರೆಗೆ ಸುಮಾರು 440 ಕಿಲೋಮೀಟರ್ ಹಾದಿ. ಪೂರ್ತಿ ಅಲ್ಲ, ಉತ್ತರದ ತುದಿಯ ಒಂದು ಭಾಗ ಮಾತ್ರ. ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ. ಅಂಥಾ ಕಡೆ ಹೋಗೋನ ಹತ್ತಿರ ಒಂದು ಸರ್ವೈವಲ್ ಚಾಕು ಇರಬೇಕಲ್ಲ. ಫಾಲ್ಕ್‌ನಿವೆನ್ ಎಫ್1 ಅಂತ ನೋಡಿಟ್ಟಿದ್ದೀನಿ. ಇಲ್ಲಿನ ವಾಯುಪಡೆ 1995ರಿಂದ ಪೈಲಟ್‌ಗಳಿಗೆ ಕೊಡೋದು ಅದನ್ನೇ.

ಅಕ್ಕ: ಬೆಲೆ?

ತಮ್ಮ: ಎರಡು ಸಾವಿರ ಕ್ರೋನಾ ಆಸುಪಾಸು.

ಅಕ್ಕ: ರೂಪಾಯಿಯಲ್ಲಿ ಹೇಳು ಮಾರಾಯ.

ತಮ್ಮ: ಹದಿನೇಳೋ ಹದಿನೆಂಟೋ ಸಾವಿರ.

ಅಕ್ಕ: ಒಂದು ಹಿಡಿ ಉಕ್ಕಿಗೆ! ಇರಲಿ, ಬೆಲೆ ಆಮೇಲೆ ನೋಡೋಣ. ಅದರಲ್ಲಿ ಏನು ಕತ್ತರಿಸ್ತೀಯ ಅಂತ ಮೊದಲು ಹೇಳು. ನನ್ನ ಹತ್ತಿರ ಚಾಕು ಕೇಳಿಕೊಂಡು ಬರುವ ಹುಡುಗರೆಲ್ಲ ಉಕ್ಕಿನ ಹೆಸರಿನಿಂದ ಶುರು ಮಾಡ್ತಾರೆ. ಕೆಲಸದ ಹೆಸರಿನಿಂದ ಶುರು ಮಾಡಿದವನನ್ನು ನಾನಿನ್ನೂ ಕಂಡಿಲ್ಲ.

ತಮ್ಮ: ಸೌದೆ ಸೀಳೋದು. ಚಾಕುವಿನ ಬೆನ್ನಿನ ಮೇಲೆ ಕೊರಡಿನಿಂದ ಹೊಡೆದು ಸೀಳ್ತಾರೆ, ಬ್ಯಾಟನಿಂಗ್ ಅಂತಾರೆ. ಹೊತ್ತಿಸೋಕೆ ಸಿಪ್ಪೆ ಕೆತ್ತೋದು. ಬೆನ್ನಿನಲ್ಲಿ ಫೆರೋ ಕಡ್ಡಿ ಗೀರಿ ಕಿಡಿ ಎಬ್ಬಿಸೋದು. ಅಕಸ್ಮಾತ್ ದಾರಿ ತಪ್ಪಿದರೆ ಕೊಂಬೆ ಕಡಿದು ಒಂದು ಗೂಡು ಕಟ್ಟಿಕೊಳ್ಳೋದು.

ಅಕ್ಕ: ಅಬಿಸ್ಕೊ ದಾಟಿ ಮೇಲೆ ಹತ್ತಿದ ಮೇಲೆ ಕೊಂಬೆ ಎಲ್ಲಿದೆಯೋ? ಅದು ಮರ ಮುಗಿದ ಮೇಲಿನ ಜಾಗ ಅಲ್ವಾ? ಕಲ್ಲು, ಹುಲ್ಲು, ಮೊಣಕಾಲೆತ್ತರದ ಪೊದೆ. ಕಣಿವೆಯಲ್ಲಿ ಬರ್ಚ್ ಇರಬಹುದು, ಆದರೆ ನಿಮ್ಮಲ್ಲಿ ಅಲ್ಲೆಮನ್ಸ್‌ರೆಟ್ಟನ್ ಅಂತ ಕಟ್ಟಳೆ ಇದೆ ಅಂತ ನೀನೇ ಒಮ್ಮೆ ಹೆಮ್ಮೆಯಿಂದ ಹೇಳಿದ್ದೆ. ಯಾರ ನೆಲದಲ್ಲಿ ಬೇಕಾದರೂ ಓಡಾಡಬಹುದು, ರಾತ್ರಿ ಮಲಗಬಹುದು, ಹಣ್ಣು ಕೀಳಬಹುದು. ಆದರೆ ಹಸಿ ಮರದ ಕೊಂಬೆ ಮುರಿಯೋ ಹಾಗಿಲ್ಲ, ತೊಗಟೆ ಸುಲಿಯೋ ಹಾಗಿಲ್ಲ. ಅಂದಮೇಲೆ ನಿನ್ನ ಪಟ್ಟಿಯಲ್ಲಿ ಉಳಿದದ್ದು ಏನು?

ತಮ್ಮ: ಆಪತ್ತಿನಲ್ಲಿ ಕಟ್ಟಳೆ ಯಾರು ನೋಡ್ತಾರೆ?

ಅಕ್ಕ: ಸರಿ, ಆಪತ್ತಿನ ವಿಷಯಕ್ಕೇ ಬಾ. 1978ರ ಫೆಬ್ರವರಿಯಲ್ಲಿ ನಿಮ್ಮ ಅನಾರಿಸ್ ಬೆಟ್ಟದಲ್ಲಿ ಸ್ಕೀ ಮಾಡಿಕೊಂಡು ಹೊರಟ ಒಂಬತ್ತು ಮಂದಿ ಬಿರುಗಾಳಿಗೆ ಸಿಕ್ಕರು. ಎಂಟು ಮಂದಿ ಸತ್ತರು. ಕೊಂದದ್ದು ಗಾಳಿ ಮತ್ತು ಚಳಿ. ಹಿಮದಲ್ಲಿ ಗುಂಡಿ ತೋಡಿ ಒಳಗೆ ಕೂರೋದೇ ಅಂಥ ಕಡೆ ಬದುಕುವ ದಾರಿ, ಅದಕ್ಕೆ ಬೇಕಾದದ್ದು ಸಲಿಕೆ. ಅವರೆಲ್ಲರ ಸೊಂಟದಲ್ಲೂ ನಿನ್ನ ಹದಿನೆಂಟು ಸಾವಿರದ ಚಾಕು ಇದ್ದಿದ್ದರೂ ಒಬ್ಬ ಹೆಚ್ಚಿಗೆ ಬದುಕುತ್ತಿದ್ದ ಅಂತ ನನಗನ್ನಿಸಲ್ಲ.

ತಮ್ಮ: ಅಂದರೆ ಚಾಕುವೇ ಬೇಡ ಅಂತೀಯಾ?

ಅಕ್ಕ: ಹಾಗೆಲ್ಲಿ ಅಂದೆ? ಹಗ್ಗ ಕತ್ತರಿಸೋಕೆ, ಬ್ರೆಡ್ಡು ಕೊಯ್ಯೋಕೆ, ಟೆಂಟಿನ ಗೂಟ ಚೂಪು ಮಾಡೋಕೆ, ಕಾಲು ಮುರಿದವನ ಪ್ಯಾಂಟು ಸೀಳೋಕೆ ಚಾಕು ಬೇಕೇ ಬೇಕು. ಆದರೆ ಇಷ್ಟಕ್ಕೂ ವಾಯುಪಡೆಯ ಚಾಕು ಯಾಕೆ?

ತಮ್ಮ: ಪೈಲಟ್‌ಗೆ ಸಾಕಾದದ್ದು ನನಗೆ ಸಾಕಾಗಲ್ವಾ ಅಂತ ಲೆಕ್ಕ.

ಅಕ್ಕ: ಪೈಲಟ್‌ನ ಗತಿಯೇ ಬೇರೆ. ಅವನು ಆ ಚಾಕುವನ್ನು ದಿನಾ ಬಳಸಲ್ಲ, ಮಸೆಯಲ್ಲ, ಎಣ್ಣೆ ಹಚ್ಚಲ್ಲ. ಅದು ಅವನ ಉಡುಪಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ. ಒಂದು ದಿನ ಅವನು ಪ್ಯಾರಾಚೂಟಿನಲ್ಲಿ ಇಳಿದ ಮೇಲೆ ಅವನ ಹತ್ತಿರ ಕೊಡಲಿ ಇರಲ್ಲ, ಗರಗಸ ಇರಲ್ಲ, ಬೆನ್ನಿಗೆ ನಲವತ್ತು ಲೀಟರಿನ ಚೀಲ ಇರಲ್ಲ. ಎಲ್ಲಾ ಕೆಲಸಕ್ಕೂ ಆ ಒಂದೇ ಚಾಕು. ಅದಕ್ಕೇ ತುಕ್ಕು ಹಿಡಿಯದ ಉಕ್ಕು, ನಾಲ್ಕೂವರೆ ಮಿಲಿಮೀಟರ್ ದಪ್ಪ, ಹಿಡಿಯ ಕೊನೆವರೆಗೂ ಹೋಗುವ ಲೋಹ. ದುಡ್ಡು ಸರ್ಕಾರದ್ದು. ಆ ಚಾಕುವಿನಲ್ಲಿ ನಾನು ಹುಳುಕು ಹುಡುಕಲ್ಲ, ಅಚ್ಚುಕಟ್ಟಾದ ಕೆಲಸ ಅದು. ನಿನ್ನ ಕೆಲಸ ಮಾತ್ರ ಅದಲ್ಲ. ಅಂದಹಾಗೆ, ಬೂಡೆನ್ ಊರಿನ ಕಂಪನಿ ಆದರೂ ಅದರ ಅಲಗು ತಯಾರಾಗೋದು ಜಪಾನಿನಲ್ಲಿ, ಗೊತ್ತಾ?

ತಮ್ಮ: ಗೊತ್ತು. ಮಧ್ಯೆ ವಿಜಿ-10 ಅನ್ನೋ ಗಟ್ಟಿ ಉಕ್ಕು, ಎರಡೂ ಪಕ್ಕಕ್ಕೆ ಮೆತ್ತನೆಯದು. ಇನ್ನೂ ದುಬಾರಿಯವೂ ಇವೆ. ಅಮೆರಿಕದ ಕೆಲವು ಕಂಪನಿಗಳು ಎಸ್30ವಿ ಉಕ್ಕಿನಲ್ಲಿ ಮಾಡ್ತವೆ. ತಿಂಗಳುಗಟ್ಟಲೆ ಮಸೆಯೋದೇ ಬೇಡವಂತೆ.

ಅಕ್ಕ: ಈಗ ನನ್ನ ಅಂಗಳಕ್ಕೆ ಬಂದೆ. ಎಸ್30ವಿಯಲ್ಲಿ ನೂರಕ್ಕೆ ಸುಮಾರು 1.45 ಪಾಲು ಇಂಗಾಲ, 14 ಪಾಲು ಕ್ರೋಮಿಯಂ, 4 ಪಾಲು ವನೇಡಿಯಂ. ಕರಗಿದ ಉಕ್ಕನ್ನು ಸಿಂಪಡಿಸಿ ಪುಡಿ ಮಾಡಿ, ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡ್ತಾರೆ. ಹಾಗೆ ಮಾಡೋದರಿಂದ ಒಳಗಿನ ಕಾರ್ಬೈಡ್ ಕಣಗಳು ಸಣ್ಣದಾಗಿ ಎಲ್ಲಾ ಕಡೆ ಒಂದೇ ಸಮ ಹರಡಿಕೊಳ್ಳುತ್ತವೆ. ಬಹಳ ಚಂದದ ಉಕ್ಕು. ವನೇಡಿಯಂ ಕಾರ್ಬೈಡ್ ಇರೋದರಿಂದಲೇ ಅಲಗಿನ ಹರಿತ ಅಷ್ಟು ಕಾಲ ನಿಲ್ಲುತ್ತೆ. ಆದರೆ ಆ ಕಣಗಳು ಮಾಮೂಲಿ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಹೊಳೆಕಲ್ಲಂತೂ ಅದರ ಮುಂದೆ ಏನೂ ಅಲ್ಲ. ಸರಿಯಾಗಿ ಮಸೆಯಬೇಕಾದರೆ ವಜ್ರದ ಪುಡಿ ಅಂಟಿಸಿದ ಪಟ್ಟಿ ಬೇಕು. ಮನೆಯಲ್ಲಿ ಕೂತು ರಟ್ಟು ಕತ್ತರಿಸೋನಿಗೆ ಅದು ವರ. ಬೆಟ್ಟದ ಮೇಲೆ ಮೂರನೇ ದಿನ ಬಾಯಿ ಹೋದರೆ?

ತಮ್ಮ: ವಜ್ರದ ಪಟ್ಟಿಯನ್ನೂ ಒಯ್ದರಾಯಿತು. ಬೆರಳಿನಷ್ಟುದ್ದ ಇರುತ್ತೆ.

ಅಕ್ಕ: ಒಯ್ಯಬಹುದು. ಆದರೆ ಅಲಗು ಕೆಡೋದು ಎರಡು ರೀತಿ. ಮೆತ್ತಗಿರೋದು ಕಲ್ಲಿಗೆ ತಗುಲಿದರೆ ಬಾಯಿ ಮಡಚಿಕೊಳ್ಳುತ್ತೆ, ಒಂದು ನಯವಾದ ಕಲ್ಲಿಗೆ ಉಜ್ಜಿದರೆ ನೆಟ್ಟಗಾಗುತ್ತೆ. ಬಹಳ ಗಟ್ಟಿ ಇರೋದು ಹಪ್ಪಳದ ಅಂಚಿನ ಹಾಗೆ ಚೂರು ಕಿತ್ತು ಬರುತ್ತೆ. ಕಿತ್ತು ಹೋದ ಜಾಗ ಸರಿ ಮಾಡಬೇಕಾದರೆ ಆ ಆಳದವರೆಗೂ ಇಡೀ ಅಲಗನ್ನು ತೇಯಬೇಕು, ಅದು ಗಂಟೆಗಟ್ಟಲೆ ಕೆಲಸ. ಹರಿತ ನಿಲ್ಲೋದು, ಪೆಟ್ಟು ತಡೆಯೋದು, ಸುಲಭವಾಗಿ ಮಸೆಯೋಕೆ ಬರೋದು, ತುಕ್ಕು ಹಿಡಿಯದೇ ಇರೋದು: ಈ ನಾಲ್ಕನ್ನೂ ಒಟ್ಟಿಗೇ ಪೂರ್ತಿಯಾಗಿ ಕೊಡುವ ಉಕ್ಕನ್ನು ಯಾರೂ ಮಾಡಿಲ್ಲ. ದುಬಾರಿ ಉಕ್ಕು ಅಂದರೆ ಹೆಚ್ಚಾಗಿ ಮೊದಲನೆಯದಕ್ಕೆ ಕೊಟ್ಟ ದುಡ್ಡು. ಕಾಡಿನಲ್ಲಿ ಬೇಕಾಗೋದು ಎರಡನೆಯದು, ಮೂರನೆಯದು.

ತಮ್ಮ: ನಮ್ಮ ಅಜ್ಜನ ಕತ್ತಿ ಹಾಗೇ ಅಲ್ವಾ? ಲಾರಿ ಸ್ಪ್ರಿಂಗಿನಲ್ಲಿ ಮಾಡಿಸಿದ್ದು. ಎಷ್ಟು ವರ್ಷ ಬಂತು.

ಅಕ್ಕ: ಅದನ್ನು ಹೊಗಳೋಕೆ ಹೋಗಬೇಡ. ಲಾರಿಯ ಪಟ್ಟಿ ಸ್ಪ್ರಿಂಗಿನಲ್ಲಿ ಇಂಗಾಲ ನೂರಕ್ಕೆ ಸುಮಾರು ಅರ್ಧಕ್ಕಿಂತ ಸ್ವಲ್ಪ ಮೇಲೆ, ಒಳ್ಳೆಯ ಉಕ್ಕೇ. ಆದರೆ ಆ ಕತ್ತಿ ಅಷ್ಟು ವರ್ಷ ಬಾಳಿದ್ದು ಉಕ್ಕಿನಿಂದಲ್ಲ, ಆಚಾರಿಯ ಕುಲುಮೆ ಊರಿನಲ್ಲೇ ಇದ್ದದ್ದರಿಂದ. ಬಾಯಿ ಸವೆದಾಗಲೆಲ್ಲ ಬಡಿದು ಚೂಪು ಮಾಡಿಸಿ, ಹದ ಹಾಕಿಸಿಕೊಂಡು ಬರ್ತಿದ್ದರು. ನಿನ್ನ ಬೆಟ್ಟದ ಮೇಲೆ ಆಚಾರಿ ಎಲ್ಲಿ? ಅಲ್ಲಿ ಆಚಾರಿಯೂ ನೀನೇ. ಅದಕ್ಕೇ ನಿನ್ನ ಕೈಗೆ ಮಸೆಯೋಕೆ ಬರುವ ಉಕ್ಕು ತಗೋ ಅಂತ ಹೇಳ್ತಿರೋದು. ಅಷ್ಟೇ ಅಲ್ಲ, ಉಕ್ಕಿನ ಹೆಸರಿಗಿಂತ ಹದ ದೊಡ್ಡದು. ಒಂದೇ ಉಕ್ಕಿನ ಎರಡು ಪಟ್ಟಿ ಕೊಟ್ಟು, ಒಂದನ್ನು ಸರಿಯಾದ ಕಾವಿನಲ್ಲಿ ಅದ್ದಿ ಆಮೇಲೆ ಇನ್ನೂರು ಡಿಗ್ರಿ ಹತ್ತಿರ ಹದವಾಗಿ ಕಾಯಿಸಿದರೆ ಅದು ಚಾಕು. ಇನ್ನೊಂದನ್ನು ಅವಸರದಲ್ಲಿ ಮಾಡಿದರೆ ಒಂದೋ ಗಾಜು, ಇಲ್ಲ ತಗಡು. ಪೆಟ್ಟಿಗೆ ಮೇಲೆ ಉಕ್ಕಿನ ನಂಬರ್ ಇರುತ್ತೆ, ಹದದ ಗುಟ್ಟು ಇರಲ್ಲ. ಹಳೆಯ, ಹೆಸರುಳ್ಳ ಕಾರ್ಖಾನೆಯದನ್ನು ಕೊಳ್ಳು ಅನ್ನೋದು ಆ ಕಾರಣಕ್ಕೆ.

ತಮ್ಮ: ಅಂದರೆ ಹೆಸರಿಗೆ ದುಡ್ಡು ಕೊಡಬಹುದು ಅಂತ ಒಪ್ಪಿಕೊಂಡೆ.

ಅಕ್ಕ: ಹೆಸರಿಗೆ ಕೊಡು, ಹೆಸರಿನ ಮೋಹಕ್ಕೆ ಕೊಡಬೇಡ. ನಿನ್ನ ದೇಶದಲ್ಲೇ ಮೋರಾ ಅಂತ ಒಂದು ಊರಿದೆ, ಸಿಲ್ಯಾನ್ ಸರೋವರದ ದಡದಲ್ಲಿ. 1891ರಿಂದ ಅಲ್ಲಿ ಚಾಕು ಮಾಡ್ತಾ ಬಂದಿದ್ದಾರೆ. ಅವರ ಕಂಪ್ಯಾನಿಯನ್ ಅನ್ನೋ ಚಾಕು ಎಷ್ಟು?

ತಮ್ಮ: ಇನ್ನೂರು ಕ್ರೋನಾ ಇರಬಹುದು. ಇಲ್ಲಿ ಬಡಗಿಗಳು, ಎಲೆಕ್ಟ್ರಿಷಿಯನ್ನುಗಳು, ಎಲ್ಲರ ಸೊಂಟದಲ್ಲೂ ಮೋರಾ ನೇತಾಡ್ತಿರುತ್ತೆ. ಅದಕ್ಕೇ ಅದು ಒಂಥರಾ... ಮೇಸ್ತ್ರಿ ಚಾಕು.

ಅಕ್ಕ: ಹಾಗನ್ನು! ಮೇಸ್ತ್ರಿ ಬೆಳಗಿನಿಂದ ಸಂಜೆವರೆಗೆ ಬಡಿಯುವ ಚಾಕುವಿನ ಮೇಲೆ ನಿನಗೆ ನಂಬಿಕೆ ಇಲ್ಲ, ವರ್ಷಕ್ಕೊಮ್ಮೆ ಒರೆಯಿಂದ ಹೊರಗೆ ಬರುವುದರ ಮೇಲೆ ನಂಬಿಕೆ. ಮೋರಾದ ಸ್ಟೇನ್‌ಲೆಸ್ ಅಲಗಿಗೆ ಬಹಳ ಕಾಲ ಬಳಸಿದ್ದು ಸ್ಯಾಂಡ್ವಿಕ್ ಕಂಪನಿಯ 12ಸಿ27. ಇಂಗಾಲ 0.6, ಕ್ರೋಮಿಯಂ 13.5. ಕಾರ್ಬೈಡ್ ಕಣ ಬಹಳ ಸಣ್ಣದು, ಅದಕ್ಕೇ ಬೇಗ ಹರಿತ ಬರುತ್ತೆ. ಪಿಂಗಾಣಿ ಲೋಟದ ತಳದಲ್ಲಿ ಮೆರುಗಿಲ್ಲದ ಒರಟು ಬಳೆ ಇರುತ್ತಲ್ಲ, ಅದಕ್ಕೆ ನಾಲ್ಕು ಸಲ ಉಜ್ಜಿದರೂ ಬಾಯಿ ಬರುತ್ತೆ.

ತಮ್ಮ: ಆದರೆ ಅದರ ಅಲಗು ಎರಡೂವರೆ ಮಿಲಿಮೀಟರ್ ದಪ್ಪ. ಹಿಡಿಯೊಳಗೆ ಹೋಗುವ ಬಾಲ ಗಿಡ್ಡ, ಅರ್ಧಕ್ಕೇ ನಿಲ್ಲುತ್ತೆ. ಅಲಗಿನ ಬಾಯಿ ಬಹಳ ತೆಳು, ಎಲುಬಿಗೋ ಗಂಟಿಗೋ ತಗುಲಿದರೆ ಹಲ್ಲು ಬೀಳುತ್ತೆ. ನಾನು ನೋಡಿದ್ದೀನಿ. ಒರೆ ಪ್ಲಾಸ್ಟಿಕ್ಕು. ಬೆನ್ನು ಚೂಪಾಗಿಲ್ಲ, ಫೆರೋ ಕಡ್ಡಿ ಗೀರಿದರೆ ಕಿಡಿ ಸರಿಯಾಗಿ ಬರಲ್ಲ. ಇದನ್ನೆಲ್ಲ ನೀನು ಮಾತೇ ಆಡಲಿಲ್ಲ.

ಅಕ್ಕ: ಎಲ್ಲಾ ನಿಜ. ಗಂಟಿರುವ ದಪ್ಪ ಕೊರಡನ್ನು ಅದರಲ್ಲಿ ಸೀಳೋಕೆ ಹೋದರೆ ಕೆಡುತ್ತೆ. ಬೆನ್ನಿಗೆ ಒಂದು ಅರ ಹಿಡಿದು ಅಂಚನ್ನು ಚೌಕ ಮಾಡಿಕೋ, ಐದು ನಿಮಿಷದ ಕೆಲಸ. ಬಾಲದ ವಿಷಯಕ್ಕೆ ಮಾತ್ರ ನಾನು ಒಪ್ಪಲ್ಲ. ಫುಲ್ ಟ್ಯಾಂಗ್, ಅಂದರೆ ಹಿಡಿಯ ಕೊನೆವರೆಗೂ ಹೋಗುವ ಬಾಲ, ಇಲ್ಲದಿದ್ದರೆ ಚಾಕುವೇ ಅಲ್ಲ ಅನ್ನೋದು ಈಚಿನ ಪಾಠ. ಸಾಮಿ ಜನ, ಫಿನ್ನರು ನೂರಾರು ವರ್ಷ ಹಿಮದಲ್ಲಿ ಬದುಕಿದ್ದು ಮರದ ಹಿಡಿಯೊಳಗೆ ಸಣ್ಣ ಬಾಲ ತೂರಿಸಿದ ಚಾಕುಗಳಲ್ಲಿ. ಹಿಡಿಯ ಅಂಚಿನಲ್ಲಿ ಲೋಹ ಕಾಣಿಸಿದರೆ ಮೈನಸ್ ಇಪ್ಪತ್ತರಲ್ಲಿ ಬರಿಗೈಯಲ್ಲಿ ಹಿಡಿಯೋಕಾಗುತ್ತಾ? ಕೊರಡು ಸೀಳೋ ಕೆಲಸಕ್ಕೆ ಅವರ ಹತ್ತಿರ ಕೊಡಲಿ ಇತ್ತು. ಅಮೆರಿಕದಲ್ಲಿ ನೆಸ್ಮಕ್ ಅನ್ನೋ ಹೆಸರಿನಲ್ಲಿ ಬರೀತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಕೂಡ 1884ರ ಪುಸ್ತಕದಲ್ಲಿ ಹೇಳಿದ್ದು ಅದನ್ನೇ: ತೆಳು ಅಲಗಿನ ಚಾಕು, ಮಡಚುವ ಇನ್ನೊಂದು, ಒಂದು ಸಣ್ಣ ಕೊಡಲಿ. ಒಂದೇ ಚಾಕು ಕೊಡಲಿಯೂ ಆಗಬೇಕು, ಗರಗಸವೂ ಆಗಬೇಕು, ಸುತ್ತಿಗೆಯೂ ಆಗಬೇಕು ಅನ್ನೋ ಹುಚ್ಚು ಹೆಚ್ಚಾದದ್ದು ಸಿನಿಮಾದಿಂದ.

ತಮ್ಮ: ರ‍್ಯಾಂಬೋ!

ಅಕ್ಕ: 1982ರ ಫಸ್ಟ್ ಬ್ಲಡ್. ಆ ಚಾಕು ಮಾಡಿಕೊಟ್ಟ ಜಿಮ್ಮಿ ಲೈಲ್ ಒಳ್ಳೆಯ ಕಸುಬುದಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ಅದನ್ನು ನೋಡಿ ಬಂದ ಅಗ್ಗದ ನಕಲುಗಳಿವೆಯಲ್ಲ, ಪೊಳ್ಳು ಹಿಡಿ, ಅದರೊಳಗೆ ಗಾಳದ ದಾರ, ತುದಿಯಲ್ಲಿ ದಿಕ್ಸೂಚಿ, ಬೆನ್ನ ಮೇಲೆ ಮರ ಕೊಯ್ಯಲಾಗದ ಗರಗಸದ ಹಲ್ಲು, ಅವು ಸರಿಯಾಗಿ ಅಲಗು ಹಿಡಿಗೆ ಸೇರುವ ಜಾಗದಲ್ಲೇ ಮುರೀತವೆ. ಈಗಲೂ ಆನ್‌ಲೈನಿನಲ್ಲಿ ಆರುನೂರು ರೂಪಾಯಿಗೆ ಸಿಗುತ್ತವೆ. ನಾನು ಅಗ್ಗದ ಪರ ಅಂತ ತಿಳೀಬೇಡ. ಉಕ್ಕಿನ ಹೆಸರೇ ಹಾಕದೆ ಬರೀ ‘ಸ್ಟೇನ್‌ಲೆಸ್’ ಅಂತ ಕೊರೆದ ಚಾಕುವಿಗೆ ಇನ್ನೂರು ರೂಪಾಯಿ ಕೊಟ್ಟರೂ ಅದು ದುಬಾರಿಯೇ.

ತಮ್ಮ: ಡಮಾಸ್ಕಸ್ ಅಂತ ಅಲೆ ಅಲೆ ಗೆರೆ ಇರುವವು?

ಅಕ್ಕ: ಅದರ ಬಗ್ಗೆ ನನಗೆ ಸಿಟ್ಟೇ ಇದೆ. ಹಳೆಯ ಡಮಾಸ್ಕಸ್ ಕತ್ತಿಗಳ ಉಕ್ಕು ಹೋಗ್ತಿದ್ದದ್ದು ನಮ್ಮ ದಕ್ಷಿಣದಿಂದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಸೌದೆ ಚೂರು, ಎಲೆ ಹಾಕಿ ಬಾಯಿ ಮುಚ್ಚಿ ಕರಗಿಸಿದ ಉಕ್ಕು. ಮೈಸೂರು ಸೀಮೆಯಲ್ಲೂ ಮಾಡ್ತಿದ್ದರು. ಕಮ್ಮಾರನ ಮಗ ಮೈಕಲ್ ಫ್ಯಾರಡೆ ಲಂಡನ್ನಿನಲ್ಲಿ ಅದರ ಗುಟ್ಟು ಹುಡುಕೋಕೆ ಪ್ರಯೋಗ ಮಾಡಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಆ ವಿದ್ಯೆ ನಿಂತೇ ಹೋಯಿತು. ಈಗ ಆ ಹೆಸರಿನಲ್ಲಿ ಮಾರೋದು ಎರಡು ಬಗೆಯ ಉಕ್ಕನ್ನು ಬೆಸೆದು ಮಡಚಿ, ಆಸಿಡ್ಡಿನಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ನೋಡೋಕೆ ಚಂದ. ಕತ್ತರಿಸೋದರಲ್ಲಿ ಆ ಗೆರೆಯಿಂದ ಏನೂ ಲಾಭ ಇಲ್ಲ.

ತಮ್ಮ: ನೀನು ಎಲ್ಲವನ್ನೂ ಬೇಡ ಅಂತಲೇ ಹೇಳ್ತಿದ್ದೀಯ. ಒಂದು ಕೇಳ್ತೀನಿ. 127 ಅವರ್ಸ್ ಸಿನಿಮಾ ನೋಡಿದ್ದೀಯಲ್ಲ, ರೆಹಮಾನ್ ಸಂಗೀತದ್ದು. ಆರನ್ ರಾಲ್‌ಸ್ಟನ್ 2003ರಲ್ಲಿ ಉಟಾದ ಕಣಿವೆಯಲ್ಲಿ ಬಂಡೆಯ ಕೆಳಗೆ ಕೈ ಸಿಕ್ಕಿಸಿಕೊಂಡು ಐದು ದಿನ ಒದ್ದಾಡಿದ. ಅವನ ಹತ್ತಿರ ಇದ್ದದ್ದು ಅಗ್ಗದ ಒಂದು ಮಲ್ಟಿಟೂಲ್. ಒಳ್ಳೆಯ ಚಾಕು ಇದ್ದಿದ್ದರೆ?

ಅಕ್ಕ: ಒಳ್ಳೆಯ ಪ್ರಶ್ನೆ. ಅವನು ಮೊದಲು ಆ ಅಲಗಿನಿಂದ ಬಂಡೆಯನ್ನೇ ಕೆತ್ತೋಕೆ ಹೋಗಿ ಅದನ್ನು ಮೊಂಡು ಮಾಡಿಕೊಂಡ. ಹರಿತವಾದ ಚಾಕು ಇದ್ದಿದ್ದರೆ ಕೊನೆಯ ಆ ಒಂದು ಗಂಟೆಯ ನರಕ ಕಡಿಮೆ ಆಗ್ತಿತ್ತು, ಅಷ್ಟು ಕೊಡ್ತೀನಿ ನಿನಗೆ. ಆದರೆ ಎಲುಬನ್ನು ಯಾವ ಚಾಕುವೂ ಕೊಯ್ಯಲ್ಲ. ಅವನು ಕೈಯನ್ನು ತಿರುಚಿ ಎಲುಬು ಮುರಿದುಕೊಂಡ ಮೇಲೇ ಬಿಡಿಸಿಕೊಂಡದ್ದು. ಎಲ್ಲಕ್ಕಿಂತ ಮುಖ್ಯ, ಅವನು ಎಲ್ಲಿಗೆ ಹೋಗ್ತಿದ್ದೀನಿ ಅಂತ ಒಬ್ಬರಿಗೂ ಹೇಳಿರಲಿಲ್ಲ. ಆ ಒಂದು ಮಾತಿಗೆ ಕಾಸು ಖರ್ಚಿಲ್ಲ. ಇನ್ನೊಬ್ಬಳ ಕಥೆ ಕೇಳು. 1971ರ ಡಿಸೆಂಬರ್ 24ರಂದು ಪೆರುವಿನ ಕಾಡಿನ ಮೇಲೆ ವಿಮಾನ ಒಡೆದು ಬಿತ್ತು. ಹದಿನೇಳು ವರ್ಷದ ಯೂಲಿಯಾನೆ ಕೋಪ್ಕೆ ಒಬ್ಬಳೇ ಬದುಕಿದ್ದು. ಚಾಕು ಇಲ್ಲ, ಕನ್ನಡಕ ಹೋಗಿದೆ, ಕಾಲಿಗೆ ಒಂದೇ ಚಪ್ಪಲಿ, ಕೈಯಲ್ಲಿ ಒಂದು ಪೊಟ್ಟಣ ಮಿಠಾಯಿ. ಅಪ್ಪ ಅಮ್ಮ ಪ್ರಾಣಿವಿಜ್ಞಾನಿಗಳು, ಅವರ ಜೊತೆ ಅವಳು ಕೆಲಕಾಲ ಕಾಡಿನಲ್ಲೇ ಇದ್ದವಳು. ತೊರೆ ಸಿಕ್ಕರೆ ಅದರ ಜೊತೆ ಕೆಳಗೆ ಹೋಗು, ಜನ ಸಿಗ್ತಾರೆ ಅನ್ನೋದು ಅವಳಿಗೆ ಗೊತ್ತಿತ್ತು. ಹನ್ನೊಂದು ದಿನದ ಮೇಲೆ ಜನ ಸಿಕ್ಕರು.

ತಮ್ಮ: ಅವಳ ತಿಳಿವಳಿಕೆ ನನ್ನ ಹತ್ತಿರ ಇಲ್ಲ ಅಕ್ಕ. ಅದಕ್ಕೇ ಚಾಕು.

ಅಕ್ಕ: ಅಲ್ಲೇ ಸಿಕ್ಕಿಬಿದ್ದೆ ನೋಡು. ತಿಳಿವಳಿಕೆಯ ಜಾಗದಲ್ಲಿ ಸಾಮಾನು ತುಂಬ್ತಿದ್ದೀಯ. ಕೆನಡಾದ ಮೋರ್ಸ್ ಕೊಚಾನ್ಸ್‌ಕಿ ಬೋರಿಯಲ್ ಕಾಡಿನಲ್ಲಿ ಬದುಕೋದನ್ನು ಜೀವನಪೂರ್ತಿ ಕಲಿಸಿದವರು, 2019ರಲ್ಲಿ ತೀರಿಕೊಂಡರು. ಅವರ ಕೈಯಲ್ಲೂ ಇದ್ದದ್ದು ನಿನ್ನ ಮೇಸ್ತ್ರಿ ಚಾಕುವೇ, ಮೋರಾ.

ತಮ್ಮ: ಸರಿ. ಆದರೆ ನೀನು ಮೊನ್ನೆ ಮೊಳಕಾಲ್ಮೂರು ಸೀರೆಗೆ ಎಷ್ಟು ಕೊಟ್ಟೆ? ಮೈ ಮುಚ್ಚೋಕೆ ಐನೂರರ ಹತ್ತಿ ಸೀರೆ ಸಾಕಿತ್ತಲ್ಲ?

ಅಕ್ಕ: ಅದನ್ನು ಇಷ್ಟಕ್ಕೆ ಕೊಂಡೆ, ಚಳಿಯಿಂದ ಕಾಪಾಡುತ್ತೆ ಅಂತ ಕೊಂಡೆ ಅಂತ ನಿಮ್ಮ ಭಾವನಿಗೆ ಸುಳ್ಳು ಹೇಳಲಿಲ್ಲ. ನೀನೂ ಹಾಗೇ ಹೇಳು. ಚಂದ ಇದೆ, ಕೈಗೆ ಕೂರುತ್ತೆ, ಮೇಜಿನ ಮೇಲೆ ಇಟ್ಟು ನೋಡೋಕೆ ಖುಷಿ ಅನ್ನು. ನಾನು ತುಟಿ ಪಿಟ್ಟೆನ್ನಲ್ಲ. ಒಳ್ಳೆಯ ಕಸುಬಿಗೆ ದುಡ್ಡು ಕೊಡೋದು ತಪ್ಪಲ್ಲ. ‘ಜೀವ ಉಳಿಸುತ್ತೆ’ ಅಂತ ಹೇಳಿ ಮಾರೋದು, ಅದನ್ನು ನಂಬಿ ಕೊಳ್ಳೋದು, ಅದರ ಮೇಲೆ ನನ್ನ ತಕರಾರು.

ತಮ್ಮ: ದುಬಾರಿ ಚಾಕು ನಿಜಕ್ಕೂ ಬೇಕಾಗುವವರು ಯಾರೂ ಇಲ್ವಾ ಹಾಗಾದರೆ?

ಅಕ್ಕ: ಇದ್ದಾರೆ. ಉಪ್ಪುನೀರಿನಲ್ಲಿ ದಿನಾ ಕೆಲಸ ಮಾಡೋರು. ಮೀನುಗಾರರಿಗೆ, ದೋಣಿಯವರಿಗೆ ಕಾರ್ಬನ್ ಉಕ್ಕು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತೆ. ದಿನಕ್ಕೆ ಹತ್ತಾರು ಪ್ರಾಣಿ ಸುಲಿಯುವ ಕಸುಬಿನವರಿಗೆ ಹರಿತ ನಿಲ್ಲೋದು ಮುಖ್ಯ. ತಿಂಗಳುಗಟ್ಟಲೆ ಕಾಡಿನಲ್ಲಿದ್ದು ಮರ ಸೀಳಿಯೇ ಬೆಂಕಿ ಮಾಡಬೇಕಾದವನಿಗೆ ದಪ್ಪ ಅಲಗು ಬೇಕು. ನಿನ್ನ ಪೈಲಟ್‌ಗೂ ಬೇಕು. ಮೋರಾದವರದ್ದೇ ಗಾರ್‌ಬರ್ಗ್ ಇದೆ, 3.2 ಮಿಲಿಮೀಟರ್ ದಪ್ಪ, ಬಾಲ ಪೂರ್ತಿ, ಬೆನ್ನು ಚೌಕ. ನಿನ್ನ ಮನಸ್ಸು ಕೇಳದೇ ಇದ್ದರೆ ಅಲ್ಲಿಗೆ ನಿಲ್ಲಿಸು, ಎಫ್1ಗಿಂತ ಬೆಲೆ ಕಡಿಮೆ. ಅಲ್ಲಿಂದ ಮೇಲೆ ಕೊಟ್ಟ ದುಡ್ಡಿಗೆ ಚಾಕು ಒಳ್ಳೆಯದಾಗಬಹುದು, ನಿನ್ನ ಪ್ರಯಾಣ ಒಳ್ಳೆಯದಾಗಲ್ಲ.

ತಮ್ಮ: ಅಂಗಡಿಯಲ್ಲಿ ಏನು ನೋಡಿ ತಗೊಳ್ಳಲಿ?

ಅಕ್ಕ: ಅಲಗು ಹತ್ತು ಸೆಂಟಿಮೀಟರ್ ಸುತ್ತಮುತ್ತ ಸಾಕು. ಕೈಗವಸು ಹಾಕಿಕೊಂಡು ಹಿಡಿದು ನೋಡು, ಬರಿಗೈಯಲ್ಲಿ ಅಲ್ಲ. ಒರೆಯಲ್ಲಿಟ್ಟು ತಲೆಕೆಳಗೆ ಮಾಡಿ ಜೋರಾಗಿ ಕೊಡವು. ಜಾರಿ ಬಿದ್ದರೆ ಅಲ್ಲೇ ವಾಪಸ್ ಕೊಡು. ಚಾಕು ಕಳೆಯೋದೂ ತೊಡೆಗೆ ಚುಚ್ಚೋದೂ ಹೆಚ್ಚಾಗಿ ಒರೆಯ ದೋಷದಿಂದ, ಅದನ್ನು ಯಾರೂ ನೋಡಲ್ಲ. ಒರೆಯ ತಳದಲ್ಲಿ ನೀರು ಹೋಗೋಕೆ ತೂತಿರಲಿ. ಮಸೆಯೋದನ್ನು ಹೊರಡೋಕೆ ಮುಂಚೆ ಮನೆಯಲ್ಲೇ ಕಲಿತುಕೋ. ಅಲ್ಲಿ ಕಲಿಯೋಕೆ ಬೆರಳು ಹತ್ತೇ ಇವೆ.

ತಮ್ಮ: ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅದನ್ನೂ ತರ್ತೀನಿ. ಕುದುರೆಮುಖ ಹತ್ತೋಣ.

ಅಕ್ಕ: ತರಬೇಡ. ಅದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧಗಳ ಪಟ್ಟಿಯಲ್ಲಿ ಚಾಕುವನ್ನೂ ಸೇರಿಸಿದೆ. ಲಿಖಿತ ಅನುಮತಿ ಇಲ್ಲದೆ ಒಳಗೆ ಒಯ್ಯೋ ಹಾಗಿಲ್ಲ. ನಿಮ್ಮಲ್ಲೂ ಅಷ್ಟೇ, ಸಕಾರಣ ಇಲ್ಲದೆ ಊರೊಳಗೆ ಚಾಕು ಇಟ್ಟುಕೊಂಡು ಓಡಾಡೋ ಹಾಗಿಲ್ಲ ಅಂತ 1988ರ ಕಾನೂನು ಇದೆ. ರೈಲು ಹತ್ತುವಾಗ ಸೊಂಟದಿಂದ ತೆಗೆದು ಚೀಲದ ತಳಕ್ಕೆ ಹಾಕು.

ತಮ್ಮ: ಟಿವಿಯ ಬೇರ್ ಗ್ರಿಲ್ಸ್ ರಜನಿಕಾಂತ್‌ರನ್ನು ಕರಕೊಂಡು ಬಂಡೀಪುರದಲ್ಲೇ ಸುತ್ತಿದನಲ್ಲ, 2020ರಲ್ಲಿ?

ಅಕ್ಕ: ಅನುಮತಿ ತಗೊಂಡು, ಜೊತೆಗೆ ಕ್ಯಾಮೆರಾ ತಂಡ ಇಟ್ಟುಕೊಂಡು ಸುತ್ತಿದ. ನಿನಗೆ ಅವೆರಡೂ ಇಲ್ಲ.

ತಮ್ಮ: ಆಯ್ತು ಮಾರಾಯ್ತಿ. ಮೋರಾ ಕಂಪ್ಯಾನಿಯನ್ನು. ಸ್ಟೇನ್‌ಲೆಸ್ಸಾ, ಕಾರ್ಬನ್ನಾ?

ಅಕ್ಕ: ಸ್ಟೇನ್‌ಲೆಸ್. ನೀನು ಎಣ್ಣೆ ಹಚ್ಚುವ ಜಾತಿಯವನಲ್ಲ, ಸೈಕಲ್ ಚೈನು ನೋಡಿದ್ದೀನಿ. ಉಳಿದ ಸಾವಿರದ ಎಂಟುನೂರು ಕ್ರೋನಾದಲ್ಲಿ ಒಳಗೆ ತೂರಿ ಮಲಗೋಕೆ ಗಾಳಿ ತಡೆಯುವ ಬಿವಿ ಚೀಲ ಒಂದು, ಉಣ್ಣೆಯ ಇನ್ನೊಂದು ಜೊತೆ ಒಳಉಡುಪು, ಶಿಳ್ಳೆ, ಹೆಡ್‌ಲ್ಯಾಂಪು ತಗೋ. ದಿನಾ ಯಾವ ಗುಡಿಸಲಿನಿಂದ ಯಾವ ಗುಡಿಸಲಿಗೆ ಹೋಗ್ತೀಯ ಅಂತ ಬರೆದು ನನಗೆ ಕಳಿಸು, ಅಲ್ಲಿನ ಮೇಲ್ವಿಚಾರಕರ ಪುಸ್ತಕದಲ್ಲೂ ಬರೆದು ಹೋಗು. ಎಫ್1 ಅಷ್ಟು ಇಷ್ಟವಾದರೆ ಹಿಂದಿರುಗಿದ ಮೇಲೆ ಕೊಂಡುಕೋ, ಮೇಜಿನ ಮೇಲೆ ಇಡೋಕೆ.